ಚಿಕ್ಕವ್ವನ ಮುಖ, ದೊಡ್ಡವ್ವನ ಹೆಸರು

ಬದುಕಿದ್ದ ಹೆಂಗಸೊಬ್ಬರನ್ನು ನಾನು ಒಂದು ಸಲ ಸಾಯಿಸಿದ್ದೇನೆ. ಕೈಯಲ್ಲಿದ್ದದ್ದು ಒಂದು ಬಾಲ್‌ಪೆನ್ನು ಮತ್ತು ಮತದಾರರ ಪಟ್ಟಿ, ಅಷ್ಟೆ. ನಾನು ಗೀಟು ಎಳೆಯುತ್ತಿದ್ದಾಗ ಆಕೆ ಎದುರಿಗೇ ಕೂತಿದ್ದರು. 'ಟೀಚರಮ್ಮಂಗೆ ಇನ್ನೊಂದ್ಚೂರು ಪಾಯ್ಸ ಹಾಕ್ರೇ' ಎಂದು ಒಳಗಿನವರಿಗೆ ಹೇಳುತ್ತಿದ್ದರು. ಆ ಪಾಯಸವನ್ನು ನಾನು ಚಪ್ಪರಿಸಿಕೊಂಡು ತಿಂದೆ ಎನ್ನುವುದು ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಕೋಪ ಬರುತ್ತದೆ.

ನಾನು ಕಡೂರಿನಲ್ಲಿ ಮನೆ ಮಾಡಿಕೊಂಡು, ದೇವನೂರು ಹೋಬಳಿಯ ಒಂದು ಹಳ್ಳಿಯ ಶಾಲೆಗೆ ಬಸ್ಸಿನಲ್ಲಿ ಹೋಗಿ ಬರುವ ಟೀಚರು. ಪಾಠದ ಜೊತೆಗೆ ಆ ಹಳ್ಳಿಯ ಮತಗಟ್ಟೆಯ ಬಿ.ಎಲ್.ಓ. ಕೆಲಸವೂ ನನ್ನ ತಲೆಗೆ ಬಂದಿತ್ತು. ಹದಿನೆಂಟು ತುಂಬಿದವರ ಹೆಸರು ಪಟ್ಟಿಗೆ ಸೇರಿಸಬೇಕು, ಮದುವೆಯಾಗಿ ಹೋದವರ ಹೆಸರು, ತೀರಿಕೊಂಡವರ ಹೆಸರು ತೆಗೆಸಬೇಕು. ಅದಕ್ಕಾಗಿ ವರ್ಷಕ್ಕೆ ಎರಡು ಮೂರು ಸಲ ಮನೆ ಮನೆ ಬಾಗಿಲು ತಟ್ಟಬೇಕು. ಬಿಸಿಲಲ್ಲಿ ತಿರುಗಿ ಬೈದುಕೊಂಡರೂ ಆ ಕೆಲಸ ನನಗೆ ಇಷ್ಟವೇ ಇತ್ತು. ಯಾರ ಮನೆಯ ಹಜಾರದಲ್ಲಿ ಗಾಳಿ ಚೆನ್ನಾಗಿ ಬರುತ್ತದೆ, ಯಾರ ಮನೆಯ ನಾಯಿ ಬರೀ ಬೊಗಳುತ್ತದೆ, ಯಾರ ಮನೆಯದು ಕಚ್ಚಿಯೇ ಕಚ್ಚುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠವಾಗಿತ್ತು.

ಆ ದಿನಗಳಲ್ಲಿ ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಓಟಿನ ಕಾರ್ಡಿನ ಚರ್ಚೆ ಏಳುತ್ತಿತ್ತು. ನಮ್ಮ ಹೆಡ್ಮೇಷ್ಟ್ರದು ಒಂದೇ ಮಾತು. 'ಫೋಟೋ ಇರೋ ಕಾರ್ಡಿಲ್ದೆ ಒಬ್ರನ್ನೂ ಒಳಗ್ ಬಿಡ್ಬಾರ್ದು ಕಣ್ರೀ. ಮುಖಕ್ಕಿಂತ ದೊಡ್ಡ ಸಾಕ್ಷಿ ಇನ್ಯಾವ್ದಿದೆ?' ನಾನು ಅವರ ಕಡೆಯವಳೇ. ಕಳ್ಳ ಓಟು ನಿಲ್ಲಬೇಕಾದರೆ ಫೋಟೋ ನೋಡಲೇಬೇಕು ಎನ್ನುತ್ತಿದ್ದೆ. ತರೀಕೆರೆಯಲ್ಲಿರುವ ನಮ್ಮಮ್ಮನ ಜೊತೆ ಮಾತ್ರ ಈ ವಾದ ನಡೆಯುತ್ತಿರಲಿಲ್ಲ. ಅಮ್ಮ ಓಟಿಗೆ ಹೋಗುವಾಗ ಗುರುತಿನ ಚೀಟಿ ಒಂದೇ ಸಾಲದೆಂದು ಆಧಾರ್, ರೇಷನ್ ಕಾರ್ಡು, ಅಪ್ಪನ ಹಳೆಯ ಕಂದಾಯದ ರಸೀದಿ ಎಲ್ಲವನ್ನೂ ಬುರ್ಖಾದೊಳಗೆ ಅವುಚಿಕೊಂಡು ಹೋಗುತ್ತಾಳೆ. ಒಳಗೆ ಹೆಣ್ಣು ಸಿಬ್ಬಂದಿಯ ಎದುರು ಮುಖ ತೋರಿಸಿ, ಕೇಳದಿದ್ದರೂ ಎಲ್ಲ ಕಾಗದ ಹರಡುತ್ತಾಳೆ. 'ಇಷ್ಟೆಲ್ಲ ಯಾಕಮ್ಮಾ?' ಎಂದರೆ, ಕೇಳುವವರಿಗೆ ಯಾವತ್ತು ಯಾವುದು ಬೇಕಾಗುತ್ತದೋ ಯಾರಿಗೆ ಗೊತ್ತು ಎಂದು ನಮ್ಮ ದಖನಿ ಉರ್ದುವಿನಲ್ಲಿ ಗೊಣಗುತ್ತಾಳೆ. ಅದು ಮುದುಕಿಯ ಗಾಬರಿ ಎಂದುಕೊಂಡು ನಾನು ನಗುತ್ತಿದ್ದೆ.

ಈಗ ಆ ಮನೆಯ ವಿಷಯ. ಹಳ್ಳಿಯ ಮಠದ ಬೀದಿಯಲ್ಲಿ ಅಕ್ಕತಂಗಿಯರಿಬ್ಬರು ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಯಲ್ಲಿದ್ದರು. ಅಕ್ಕನನ್ನು ಬೀದಿಯೆಲ್ಲ ದೊಡ್ಡವ್ವ ಎನ್ನುತ್ತಿತ್ತು, ತಂಗಿಯನ್ನು ಚಿಕ್ಕವ್ವ. ನಾನೂ ಹಾಗೇ ಕರೆಯುತ್ತಿದ್ದೆ. ಅವರಿಗೆ ಬೇರೆ ಹೆಸರಿದೆ ಎನ್ನುವುದು ಪಟ್ಟಿಯಲ್ಲಿತ್ತೇ ಹೊರತು ನನ್ನ ತಲೆಯಲ್ಲಿರಲಿಲ್ಲ. ದೊಡ್ಡವ್ವ ಮನೆಯ ಯಜಮಾನಿ, ಗಟ್ಟಿ ದನಿ, ಕೊಬ್ಬರಿ ಕೊಳ್ಳಲು ಬಂದ ವ್ಯಾಪಾರಿಗಳನ್ನೇ ಹೆದರಿಸುವ ಹೆಂಗಸು. ಚಿಕ್ಕವ್ವ ಅಕ್ಕನ ಹಿಂದೆ ಅರ್ಧ ಹೆಜ್ಜೆ. ಏನು ಕೇಳಿದರೂ 'ಅಕ್ಕನ್ನ ಕೇಳಿ' ಎನ್ನುತ್ತಿದ್ದರು.

ದೊಡ್ಡವ್ವ ಅಜ್ಜಂಪುರದಲ್ಲಿ ಮಗಳ ಮನೆಗೆ ಹೋಗಿದ್ದಾಗ ಎದೆನೋವು ಬಂದು ಅಲ್ಲೇ ತೀರಿಕೊಂಡರು. ಊರಿಗೆ ತಂದು ತಮ್ಮ ತೋಟದಲ್ಲೇ ಸಮಾಧಿ ಮಾಡಿದರು. ಅಂದು ನಾನೂ ಹೋಗಿ ಮುಖ ನೋಡಿ ಬಂದಿದ್ದೆ. ಶಿವಗಣಾರಾಧನೆಯ ದಿನ ನನ್ನನ್ನೂ ಊಟಕ್ಕೆ ಕರೆದಿದ್ದರು. ಹೋದವಳು ಸುಮ್ಮನೆ ಉಂಡು ಬರಬೇಕಿತ್ತು. ಮತ್ತೆ ಇನ್ನೊಂದು ಸಲ ಯಾರು ಬರುತ್ತಾರೆ ಎಂದು ಚೀಲದಲ್ಲಿ ಪಟ್ಟಿ ಇಟ್ಟುಕೊಂಡೇ ಹೋಗಿದ್ದೆ. ಊಟವಾಗಿ ಪಾಯಸದ ಬಟ್ಟಲು ಮುಂದೆ ಬಂದಾಗ ದೊಡ್ಡವ್ವನ ಕಾರ್ಡು ಕೇಳಿದೆ. ಸೊಸೆ ತಂದು ಕೊಟ್ಟಳು. ಫೋಟೋ ನೋಡಿದೆ. ದೊಡ್ಡವ್ವನೇ, ಅದೇ ಮೂಗುಬೊಟ್ಟು, ಅದೇ ಹುಬ್ಬು ಗಂಟಿಕ್ಕಿದ ನೋಟ. ಕಾರ್ಡಿನ ನಂಬರು ಬರೆದುಕೊಂಡೆ, ಪಟ್ಟಿಯಲ್ಲೂ ಅದೇ ಫೋಟೋ ಹುಡುಕಿ ಗೀಟು ಎಳೆದೆ. ಮರಣದ ಸರ್ಟಿಫಿಕೇಟು ಅಜ್ಜಂಪುರದಿಂದ ಇನ್ನೂ ಬಂದಿರಲಿಲ್ಲ. ಅಳುವ ಮನೆಯಲ್ಲಿ ಅದನ್ನು ಒತ್ತಾಯ ಮಾಡಲು ಮನಸ್ಸು ಬರಲಿಲ್ಲ. ಸತ್ತವರನ್ನು ನಾನೇ ಕಣ್ಣಾರೆ ಕಂಡವಳಲ್ಲವೇ? ಕಣ್ಣಾರೆ ಕಂಡಿದ್ದೇನೆ ಎಂದು ವರದಿ ಬರೆದು ಕಳಿಸಿದೆ, ಹೆಸರು ಹೋಯಿತು.

ಆಮೇಲೆ ಚುನಾವಣೆ ಘೋಷಣೆಯಾಯಿತು. ಹೊಸ ಹೆಸರು ಸೇರಿಸಲು ಇನ್ನು ನಾಲ್ಕೇ ದಿನ ಇದೆ, ಬಿಟ್ಟುಹೋದವರು ಯಾರಾದರೂ ಇದ್ದರೆ ನೋಡಿ ಎಂದು ನಮಗೆ ಹೇಳಿದರು. ಹೊಸ ಪಟ್ಟಿ ಹಿಡಿದು ಮಠದ ಬೀದಿಗೆ ಹೋದೆ. ಚಿಕ್ಕವ್ವ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಅವರ ಫೋಟೋ ಪಟ್ಟಿಯಲ್ಲಿತ್ತು. 'ನಿಮ್ದಿದೆ ಚಿಕ್ಕವ್ವ, ಸರಿ ಇದ್ಯಾ ನೋಡ್ಕೊಳಿ' ಎಂದು ಫೋಟೋದ ಪಕ್ಕದ ಹೆಸರನ್ನು ಓದಿದೆ.

ಚಿಕ್ಕವ್ವ ಕೈ ನಿಲ್ಲಿಸಿದರು. 'ಅದು ಅಕ್ಕನ ಹೆಸ್ರು' ಎಂದರು.

ನಾನು ಮತ್ತೆ ಓದಿದೆ. ಗಂಡನ ಹೆಸರು ಓದಿದೆ. ಅದು ದೊಡ್ಡವ್ವನ ಗಂಡ, ದೊಡ್ಡ ಯಜಮಾನರ ಹೆಸರು. ಚಿಕ್ಕವ್ವನ ನಿಜವಾದ ಹೆಸರೇನು ಎಂದು ಆಧಾರ್ ಕಾರ್ಡು ತರಿಸಿ ನೋಡಿದೆ. ಆ ಹೆಸರು ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ನಾನು ಗೀಟು ಎಳೆದಿದ್ದ ಹೆಸರು ಅದೇ.

'ಅದು ಮೊದ್ಲಿಂದ್ಲೂ ಅದ್ಲುಬದ್ಲೇ ಕಣಮ್ಮ' ಎಂದರು ಒಳಗಿನಿಂದ ಬಂದ ಚಿಕ್ಕವ್ವನ ಗಂಡ, ಸಣ್ಣ ಯಜಮಾನರು. 'ಇವಳ ಕಾರ್ಡಲ್ಲಿ ಅತ್ಗೆ ಫೋಟ, ಅತ್ಗೆ ಕಾರ್ಡಲ್ಲಿ ಇವಳ್ದು. ಇಬ್ರೂ ಒಟ್ಟಿಗೇ ಹೋಗೋರು, ಎರಡೂ ಕಾರ್ಡು ಒಟ್ಟಿಗೇ ಮಡಗೋರು. ಒಂದಿನಾನೂ ಯಾರೂ ಏನೂ ಅನ್ಲಿಲ್ಲ.'

ಸತ್ತವರ ಮುಖ ನೋಡಿ ನಾನು ಇದ್ದವರ ಹೆಸರು ತೆಗೆದುಹಾಕಿದ್ದೆ. ಈಗ ಪಟ್ಟಿಯಲ್ಲಿ ಸತ್ತವರ ಹೆಸರಿಗೆ ಇದ್ದವರ ಮುಖ ಅಂಟಿಕೊಂಡು ಕೂತಿತ್ತು.

ಸಣ್ಣ ಯಜಮಾನರಿಗೆ ಇದೇನೂ ದೊಡ್ಡ ವಿಷಯ ಅನ್ನಿಸಲಿಲ್ಲ. 'ಒಳ್ಳೇದೇ ಆಯ್ತಲ್ಲ. ಮುಖ ಇವಳ್ದೇ ಇದೆ. ಅದೇ ಕಾರ್ಡ್ ತಗೊಂಡ್ ಹೋಗಿ ಹಾಕ್ಲಿ. ಯಾರ್ ಕೇಳ್ತಾರೆ?' ಅದೇ ಸರಿ ಎಂದು ಒಂದು ಕ್ಷಣ ನನಗೂ ಅನ್ನಿಸಿತು. ಮತಗಟ್ಟೆಯವರು ಫೋಟೋ ನೋಡುತ್ತಾರೆ, ಮುಖ ನೋಡುತ್ತಾರೆ, ಎರಡೂ ಒಂದೇ. ನನ್ನ ತಪ್ಪು ಯಾರಿಗೂ ಗೊತ್ತಾಗದೆ ಮುಚ್ಚಿಹೋಗುತ್ತದೆ.

ಚಿಕ್ಕವ್ವ ಹುಣಸೆಹಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡರು. 'ಅದಾಗಕಿಲ್ಲ' ಎಂದರು. 'ಅಕ್ಕನ ಓಟು ನಾನ್ ಹಾಕಕಿಲ್ಲ. ನಂದು ನಂಗೆ ಬೇಕು.'

ಗಂಡ ನಕ್ಕರು, ಆಮೇಲೆ ರೇಗಿದರು. ಒಂದು ಓಟಿಗೆ ಇಷ್ಟು ರಾಮಾಯಣ ಯಾಕೆ ಎಂದರು. ಚಿಕ್ಕವ್ವ ಅವರ ಕಡೆ ತಿರುಗಲೇ ಇಲ್ಲ. 'ನೀವ್ ತೆಗ್ದಿದ್ದು ತಾನೇ ಟೀಚರಮ್ಮ? ನೀವೇ ಸೇರ್ಸಿ' ಎಂದು ನನ್ನನ್ನೇ ನೋಡಿದರು. ಆ ಮನೆಯಲ್ಲಿ ಅವರು 'ಅಕ್ಕನ್ನ ಕೇಳಿ' ಎನ್ನದೆ ತಮಗೇನು ಬೇಕೆಂದು ತಾವೇ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸೇರಿಸಿಯೇ ಸೇರಿಸುತ್ತೇನೆ ಎಂದು, ಅರ್ಜಿಗೆ ಬೇಕಾದ ಅವರ ರುಜು, ಫೋಟೋ ತೆಗೆದುಕೊಂಡು ಎದ್ದೆ.

ಶಾಲೆಗೆ ಬಂದು ಹೆಡ್ಮೇಷ್ಟ್ರಿಗೆ ಹೇಳಿದೆ. ಅವರು ತಲೆ ಕೆರೆದುಕೊಂಡು, ನನ್ನ ಒಳ್ಳೆಯದಕ್ಕೇ, ಒಂದು ದಾರಿ ಹೇಳಿದರು. ಮನೆಯವರು ತಪ್ಪು ಕಾರ್ಡು ಕೊಟ್ಟು ತಪ್ಪು ಮಾಹಿತಿ ನೀಡಿದರು ಎಂದು ಬರೆಯಿರಿ, ನಿಮಗೆ ನೋಟೀಸು ಬರುವುದಿಲ್ಲ. ನೋಟೀಸಿನ ಹೆದರಿಕೆ ನನಗಿರಲಿಲ್ಲ ಎಂದರೆ ಸುಳ್ಳು. ಆದರೆ ಆ ಮನೆಯವರು ನನಗೆ ಯಾವ ಸುಳ್ಳನ್ನೂ ಹೇಳಿರಲಿಲ್ಲ. ದೊಡ್ಡವ್ವನ ಕಾರ್ಡು ಕೊಡಿ ಎಂದಿದ್ದೆ, ದೊಡ್ಡವ್ವನ ಮುಖ ಇದ್ದ ಕಾರ್ಡು ಕೊಟ್ಟಿದ್ದರು. ಅದರ ಮೇಲಿದ್ದ ಅಕ್ಷರ ಓದಬೇಕಾದವಳು ಸಂಬಳ ತಗೊಳ್ಳುವ ನಾನು. 'ಹೆಸರು ಓದದೆ ಬರೀ ಫೋಟೋ ನೋಡಿ ವರದಿ ಮಾಡಿದ್ದೇನೆ, ತಪ್ಪು ನನ್ನದು' ಎಂದು ಒಂದು ಹಾಳೆಯಲ್ಲಿ ಬರೆದು ರುಜು ಹಾಕಿದೆ. ಹೆಡ್ಮೇಷ್ಟ್ರು ಅದನ್ನು ಓದಿ, 'ನಿಮ್ಮಿಷ್ಟ ಕಣ್ರೀ' ಎಂದು ಹಾಳೆ ಮಡಿಸಿ ವಾಪಸು ಕೊಟ್ಟರು.

ಮರುದಿನ ರಜೆ ಹಾಕಿ ಬೀರೂರಿನ ಮೇಲೆ ಅಜ್ಜಂಪುರಕ್ಕೆ ಹೋದೆ. ದೊಡ್ಡವ್ವನ ಮಗಳು ಮರಣದ ಸರ್ಟಿಫಿಕೇಟು ತೆಗೆಸಿ ಇಟ್ಟಿದ್ದಳು. ಅದರಲ್ಲಿದ್ದ ಹೆಸರನ್ನು ಮೂರು ಸಲ ಓದಿದೆ. ಕಲಿಯುವುದು ತಡವಾದರೂ ಕಲಿತಿದ್ದೆ. ಮಗಳು ಊಟ ಮಾಡಿಕೊಂಡು ಹೋಗಿ ಎಂದು ಬಲವಂತ ಮಾಡಿದಳು. ಪಾಯಸ ಇಲ್ಲದಿದ್ದರೆ ಕೂರುತ್ತೇನೆ ಎಂದೆ. ಯಾಕೆ ಎಂದು ಅವಳಿಗೆ ಅರ್ಥವಾಗಲಿಲ್ಲ.

ಅಂದೇ ಮಧ್ಯಾಹ್ನ ಕಡೂರಿನ ತಾಲ್ಲೂಕು ಕಚೇರಿಯಲ್ಲಿ ಎರಡು ಅರ್ಜಿ ಕೊಟ್ಟೆ. ದೊಡ್ಡವ್ವನ ಹೆಸರು ತೆಗೆಯಲು ಒಂದು, ಚಿಕ್ಕವ್ವನ ಹೆಸರು ಹೊಸದಾಗಿ ಸೇರಿಸಲು ಒಂದು. ಚುನಾವಣೆ ಕೆಲಸ ನೋಡುವ ಗುಮಾಸ್ತರು ಚಿಕ್ಕವ್ವನ ಫೋಟೋವನ್ನು ಕಂಪ್ಯೂಟರಿಗೆ ಹಾಕಿದರು. ಇದೇ ಮುಖ ಇದೇ ಹಳ್ಳಿಯ ಪಟ್ಟಿಯಲ್ಲಿ ಆಗಲೇ ಇದೆ ಎಂದು ಅದು ತೋರಿಸಿತು. ಗುಮಾಸ್ತರು ನನ್ನ ಮುಖ ನೋಡಿದರು. 'ಮೇಡಂ, ಒಬ್ಬರಿಗೆ ಎರಡು ಕಡೆ ಹೆಸರು ಮಾಡ್ಸಕ್ ಬಂದಿದೀರಲ್ಲ?' ಎಂದರು, ತಮಾಷೆಗೇ ಇರಬೇಕು. ನನಗೆ ಮಾತ್ರ ಕಣ್ಣಲ್ಲಿ ನೀರು ಬಂತು. ಮುಖಕ್ಕಿಂತ ದೊಡ್ಡ ಸಾಕ್ಷಿ ಇಲ್ಲ ಎಂದು ವಾದ ಮಾಡಿದ್ದವಳು ನಾನು. ಸಾಕ್ಷಿ ಈಗ ಪರದೆಯ ಮೇಲೆ ಕೂತು, ಚಿಕ್ಕವ್ವ ಚಿಕ್ಕವ್ವನಲ್ಲ, ದೊಡ್ಡವ್ವ ಎಂದು ಹೇಳುತ್ತಿತ್ತು. ನನ್ನ ತಪ್ಪೊಪ್ಪಿಗೆಯ ಹಾಳೆ ಮುಂದಿಟ್ಟು ಮೊದಲಿನಿಂದ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ದೊಡ್ಡವ್ವನ ಹೆಸರು ಹೋಗದೆ ಚಿಕ್ಕವ್ವನದು ಬರುವುದಿಲ್ಲ, ಹೆಸರು ತೆಗೆಯಬೇಕಾದರೆ ಒಂದು ವಾರದ ನೋಟೀಸು ಕೊಡಬೇಕು, ಆಮೇಲೆ ವಿಚಾರಣೆ, ಎಲ್ಲ ಸರಿ ಹೋದರೆ ಕಡೆಗೆ ಬರುವ ಪೂರಕ ಪಟ್ಟಿಯಲ್ಲಿ ಹೆಸರು ಬರಬಹುದು ಎಂದರು. ಬರಬಹುದು ಎನ್ನುವ ಮಾತನ್ನು ಹಿಡಿದುಕೊಂಡು ನಾನು ಮನೆಗೆ ಬಂದೆ.

ವಿಚಾರಣೆಯ ದಿನ ಚಿಕ್ಕವ್ವನನ್ನೂ ಸಣ್ಣ ಯಜಮಾನರನ್ನೂ ನಾನೇ ಬಸ್ಸಿಗೆ ಹತ್ತಿಸಿಕೊಂಡು ಬಂದೆ. ಯಜಮಾನರು ದಾರಿಯುದ್ದಕ್ಕೂ ಗೊಣಗಿದರು. ಅವರನ್ನು ಕಚೇರಿಯ ಹೊರಗಿನ ಬೆಂಚಿನ ಮೇಲೆ ಕೂರಿಸಿ ನಾವಿಬ್ಬರೂ ಒಳಗೆ ಹೋದೆವು. ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಾಗದಗಳನ್ನೆಲ್ಲ ನೋಡಿ, 'ಹೇಳಿಕೆ ಬರ್ಕೋಬೇಕು. ಹೆಸರು ಹೇಳಿ ಅಜ್ಜಿ' ಎಂದರು. ಚಿಕ್ಕವ್ವ ಹೇಳಿದರು.

'ಗಂಡನ ಹೆಸರು?'

ಚಿಕ್ಕವ್ವ ನೆಲ ನೋಡಿದರು. ನಾನು ಬಾಯಿ ತೆರೆದೆ. ಅಧಿಕಾರಿ ಕೈ ಅಡ್ಡ ತೋರಿಸಿ, ಅವರೇ ಹೇಳಬೇಕು ಎಂದರು.

'ಅದ್ನ ಹೇಳ್ದೆ ಇದ್ದಿದ್ಕೇ ಇಷ್ಟೆಲ್ಲ ಆಗಿದ್ದು ಕಣವ್ವ' ಎಂದರು ಚಿಕ್ಕವ್ವ. ಹಾಗೆ ಶುರು ಮಾಡಿ ಅವರು ಹೇಳಿದ್ದು ಇಷ್ಟು. ಮೊದಲ ಸಲ ಕಾರ್ಡಿಗೆ ಫೋಟೋ ತೆಗೆಯಲು ಊರಿಗೆ ಬಂದಾಗ ಶಾಲೆಯ ಮುಂದೆ ಹೆಂಗಸರನ್ನು ಸಾಲಾಗಿ ನಿಲ್ಲಿಸಿದ್ದರಂತೆ. ಚಿಕ್ಕವ್ವನ ಕಂಕುಳಲ್ಲಿ ಮೊಲೆ ಕುಡಿಯುವ ಕೂಸು. ಮಗು ಅಳುತ್ತದೆ, ನೀನು ಬೇಗ ಮುಗಿಸಿ ಹೋಗು ಎಂದು ದೊಡ್ಡವ್ವ ತನ್ನ ಸರದಿಯಲ್ಲಿ ತಂಗಿಯನ್ನು ಮುಂದೆ ಬಿಟ್ಟರು. ಪಟ್ಟಿ ಹಿಡಿದಿದ್ದವನು ಹೆಂಗಸರ ಹೆಸರು ಕೇಳಲೇ ಇಲ್ಲ. ಗಂಡನ ಹೆಸರು ಹೇಳಮ್ಮ ಎಂದ. ಆ ಕಾಲದ ಸೊಸೆ ಗಂಡನ ಹೆಸರನ್ನು ಬಾಯಲ್ಲಿ ಹೇಗೆ ಹೇಳಿಯಾಳು? ಸುಮ್ಮನೆ ನಿಂತರು. ಆತ ಪಟ್ಟಿಯಲ್ಲಿ ಮುಂದಿದ್ದ ಹೆಸರು ಓದಿ, ಇವರ ಹೆಂಡತಿಯಾ ಎಂದ. ಅದು ಭಾವನ ಹೆಸರು. ಗಂಡನ ಹೆಸರಾದರೂ ಆದೀತು, ಭಾವನ ಹೆಸರೆತ್ತಿದರೆ ತಲೆ ಎತ್ತುವ ಹಾಗೂ ಇರಲಿಲ್ಲ. ಇನ್ನೂ ತಲೆ ತಗ್ಗಿಸಿದರು. ಆತ ಸರಿ ಎಂದು ಗುರುತು ಹಾಕಿ ಫೋಟೋ ತೆಗೆಸಿದ. ಹಿಂದೆ ಬಂದ ದೊಡ್ಡವ್ವನಿಗೆ ಉಳಿದದ್ದು ತಂಗಿಯ ಜಾಗ.

'ಅಲ್ಲಾ ಅನ್ಬೇಕಿತ್ತು. ಅನ್ಲಿಲ್ಲ' ಎಂದರು ಚಿಕ್ಕವ್ವ. ಆಮೇಲೆ ಮೆಲ್ಲಗೆ ಗಂಡನ ಹೆಸರು ಹೇಳಿದರು. ಅಧಿಕಾರಿಗೆ ಕೇಳಿಸಲಿಲ್ಲ, ಇನ್ನೊಂದು ಸಲ ಎಂದರು. ಚಿಕ್ಕವ್ವ ಈ ಸಲ ಕೋಣೆ ತುಂಬುವ ಹಾಗೆ ಹೇಳಿದರು. ಹೊರಗಿನ ಬೆಂಚಿನಿಂದ ಸಣ್ಣ ಯಜಮಾನರು ಎದ್ದು ಬಂದು ಬಾಗಿಲಲ್ಲಿ ನಿಂತು, 'ನನ್ನ ಕೂಗುದ್ರಾ?' ಎಂದರು. ಕೂಗಿದ್ದು ಯಾರು ಎಂದು ತಿಳಿದ ಮೇಲೆ ಅವರ ಮುಖ ನೋಡುವ ಹಾಗಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಅವರು ಗೊಣಗಲಿಲ್ಲ, ಚಿಕ್ಕವ್ವನಿಗೆ ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟರು.

ಪೂರಕ ಪಟ್ಟಿ ಬರುವವರೆಗೂ ನನಗೆ ನೆಮ್ಮದಿಯಿರಲಿಲ್ಲ. ಶಾಲೆ ಬಿಟ್ಟ ಮೇಲೆ ಮೂರು ಸಲ ತಾಲ್ಲೂಕು ಕಚೇರಿಗೆ ಹೋದೆ. ಗುಮಾಸ್ತರು ನನ್ನನ್ನು ಕಂಡರೇ 'ಇನ್ನೂ ಇಲ್ಲ ಮೇಡಂ' ಎನ್ನುವ ಹಾಗಾಗಿತ್ತು. ನನಗೆ ಕಾರಣ ಕೇಳುವ ನೋಟೀಸು ಮಾತ್ರ ಸರಿಯಾದ ಹೊತ್ತಿಗೆ ಬಂತು. ಉತ್ತರ ಬರೆದೆ, ಮೊದಲು ಬರೆದದ್ದನ್ನೇ. ಹೆಡ್ಮೇಷ್ಟ್ರು ಆ ದಿನಗಳಲ್ಲಿ ಕಾರ್ಡಿನ ಮಾತು ಎತ್ತಲಿಲ್ಲ, ನಾನೇ ಎತ್ತಿದೆ. ಕಾರ್ಡು ಬೇಡ ಎಂದು ನಾನು ಈಗಲೂ ಹೇಳುವುದಿಲ್ಲ ಸಾರ್, ಆದರೆ ಚಿಕ್ಕವ್ವನಿಗೆ ಆ ಕಾರ್ಡು ಹಿಡಿದು ಸತ್ತವರ ಓಟು ಹಾಕಲು ಯಾವ ಅಡ್ಡಿಯೂ ಇರಲಿಲ್ಲ, ತನ್ನ ಓಟು ಹಾಕಲು ಮಾತ್ರ ದಾರಿ ಇರಲಿಲ್ಲ, ಇದಕ್ಕೇನು ಹೇಳುತ್ತೀರಿ ಎಂದೆ. 'ಅದು ಅಪರೂಪದ ಕೇಸು' ಎಂದರು. ಅಪರೂಪವೇ ಇರಬಹುದು. ಆದರೆ ಆ ಅಪರೂಪದವರು ಮಠದ ಬೀದಿಯಲ್ಲಿ ದಿನಾ ನನ್ನ ಕಣ್ಣಿಗೆ ಬೀಳುತ್ತಿದ್ದರು.

ಪಟ್ಟಿ ಬಂತು. ಕಡೆಯ ಹಾಳೆಯಲ್ಲಿ ಚಿಕ್ಕವ್ವನ ಹೆಸರು, ಪಕ್ಕದಲ್ಲಿ ಚಿಕ್ಕವ್ವನ ಮುಖ. ಕಚೇರಿಯ ಜಗಲಿಯಲ್ಲೇ ನಿಂತು ಹೆಸರು ಓದಿದೆ, ಗಂಡನ ಹೆಸರು ಓದಿದೆ, ಮನೆ ನಂಬರು ಓದಿದೆ. ಆಮೇಲಷ್ಟೇ ಫೋಟೋ ನೋಡಿದೆ.

ಮತದಾನದ ದಿನ ನಾನು ಶಾಲೆಯ ಗೇಟಿನ ಹತ್ತಿರ ಮೇಜು ಹಾಕಿಕೊಂಡು, ಬಂದವರಿಗೆ ಕ್ರಮಸಂಖ್ಯೆ ಹುಡುಕಿ ಕೊಡುತ್ತಿದ್ದೆ. ಚಿಕ್ಕವ್ವ ಬೆಳಿಗ್ಗೆಯೇ ಒಬ್ಬರೇ ಬಂದರು. ಇಸ್ತ್ರಿ ಮಾಡಿದ ಸೀರೆ, ಹಣೆಯಲ್ಲಿ ವಿಭೂತಿ. ಸಾಲಿನಲ್ಲಿದ್ದ ಹೆಂಗಸರು ಮುಂದೆ ಹೋಗಿ ಎಂದರೂ ಹೋಗದೆ ತಮ್ಮ ಸರದಿಗೆ ಕಾದರು. ಒಳಗೆ ಹೋಗಿ ಬಹಳ ಹೊತ್ತಾಯಿತು. ಇಲ್ಲೂ ಏನಾದರೂ ತಕರಾರು ತೆಗೆದರೇನೋ ಎಂದು ನಾನು ಎರಡು ಸಲ ಎದ್ದು ಕೂತೆ. ಕಡೆಗೆ ಎಡಗೈ ಬೆರಳಿನ ಶಾಯಿಯನ್ನು ಊದಿಕೊಳ್ಳುತ್ತಾ ಹೊರಗೆ ಬಂದು ನನ್ನ ಮೇಜಿನ ಹತ್ತಿರ ನಿಂತರು.

'ಏನಾದ್ರೂ ತೊಂದ್ರೆ ಆಯ್ತಾ ಚಿಕ್ಕವ್ವ? ಇಷ್ಟ್ ಹೊತ್ತು?' ಎಂದೆ.

'ತೊಂದ್ರೆ ಏನಿಲ್ಲ ಕಣಮ್ಮ. ಮಿಷಿನ್ ಮುಂದೆ ನಿಂತ್ಕೊಂಡು ಎಲ್ಲಾ ಗುರ್ತೂ ಒಂದ್ಸಲ ನೋಡ್ದೆ' ಎಂದರು. ಮೇಜಿನ ಹತ್ತಿರ ಬೇರೆ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದರು. 'ಅಕ್ಕ ಇರೋವರ್ಗೂ ಅವ್ಳು ಯಾವ್ದು ಹೇಳ್ತಾಳೋ ಅದ್ಕೇ ಒತ್ತಿದೀನಿ. ಇವತ್ತು ನಂಗ್ ಬೇಕಾಗಿದ್ದು ಒತ್ದೆ. ಅವಳ ಹೆಸ್ರಲ್ಲಿ ನಿಂತ್ಕೊಂಡು ಅವ್ಳಿಗ್ ಬೇಡ್ದೇ ಇರೋದ್ನ ಒತ್ತಕಾಗ್ತಿತ್ತಾ, ನೀವೇ ಹೇಳಿ?'

ಆಗುತ್ತಿರಲಿಲ್ಲ ಎಂದೆ. ಚಿಕ್ಕವ್ವ ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು ಮನೆಯ ಕಡೆ ನಡೆದರು.